ವಿಕ್ರಮ್ ‘ಸಂಪರ್ಕ ಕಳಕೊಂಡಿತು’ ಅಂತಲೇ ಮೂರು ತಿಂಗಳು ಬರೆದೆ. ‘ಅಪ್ಪಳಿಸಿತು’ ಅಂತ ಯಾವಾಗ ಬರೀಬೇಕಿತ್ತು?

ಪೀಣ್ಯ ವರದಿಗಾರ್ತಿ

ಎಲ್ಲರಿಗೂ ನಮಸ್ಕಾರ. ಹದಿನಾರು ವರ್ಷದಿಂದ ಕನ್ನಡ ಪತ್ರಿಕೇಲಿ ವಿಜ್ಞಾನ ಬರೀತಿದೀನಿ, ಇಸ್ರೋ ನನ್ನ ಬೀಟ್. ಮುಂದಿನ ವಾರ ಪತ್ರಿಕೋದ್ಯಮ ಓದೋ ಮಕ್ಕಳ ಜೊತೆ ಮಾತಾಡೋಕೆ ಕರೆದಿದಾರೆ ಅಂತ ಹಳೇ ಕಟಿಂಗ್ಸ್ ಹರಡ್ಕೊಂಡು ಕೂತಿದ್ದೆ, 2019ರ ಫೈಲ್ ತೆಗೆದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ಸೆಪ್ಟೆಂಬರ್ 7ರ ರಾತ್ರಿ. ಪೀಣ್ಯದಲ್ಲಿರೋ ಇಸ್ರೋ ನೌಕೆಗಳ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ನಾವೆಲ್ಲ ಪರದೆ ಮುಂದೆ ಕೂತಿದ್ವಿ. 1.38ಕ್ಕೆ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯೋಕೆ ಶುರು ಮಾಡ್ತು, 30 ಕಿಮೀ ಎತ್ತರದಿಂದ. ಮೊದಲ ಹತ್ತು ನಿಮಿಷ ಚಪ್ಪಾಳೆ ಮೇಲೆ ಚಪ್ಪಾಳೆ. ಆಮೇಲೆ ಪರದೇಲಿ ನೌಕೆಯ ಹಸಿರು ಗೆರೆ, ಅದು ಹೋಗಬೇಕಿದ್ದ ದಾರಿಯ ಕೆಂಪು ಗೆರೆ ಬಿಟ್ಟು ಸ್ವಲ್ಪ ಪಕ್ಕಕ್ಕೆ ಸರೀತು, ಅಲ್ಲೇ ನಿಂತ್ಬಿಡ್ತು. ಒಳಗಿದ್ದವರ ಮುಖ ನೋಡೇ ನಮಗೆ ಅರ್ಥ ಆಗಿತ್ತು. ಎರಡೂಕಾಲು ಆದ್ಮೇಲೆ ಇಸ್ರೋದ ಆಗಿನ ಅಧ್ಯಕ್ಷ ಕೆ. ಶಿವನ್ ಅವರು 2.1 ಕಿಮೀ ಎತ್ತರದವರೆಗೆ ಎಲ್ಲ ಸರಿ ಇತ್ತು, ಆಮೇಲೆ ಸಂಪರ್ಕ ಕಡಿದುಹೋಯ್ತು, ಡೇಟಾ ನೋಡ್ತಿದೀವಿ ಅಂದ್ರು. ಹೊರ ಊರುಗಳಿಗೆ ಹೋಗೋ ಡಾಕ್ ಎಡಿಷನ್ ಆಗ್ಲೇ ಲಾರಿ ಹತ್ತಿತ್ತು, ಸಿಟಿ ಎಡಿಷನ್‌ಗೆ ನಾನು ಕೊಟ್ಟ ಮೊದಲ ಸಾಲು "ವಿಕ್ರಮ್ ಸಂಪರ್ಕ ಕಡಿತ". ಆ ರಾತ್ರಿಗೆ ಅದು ಸರಿನೇ ಇರಬಹುದು.

ಮಾರನೇ ದಿನ ಬಂದ ಹೇಳಿಕೇಲಿ ಯೋಜನೆಯ ಗುರಿಗಳಲ್ಲಿ ಶೇ 90ರಿಂದ 95ರಷ್ಟು ಈಡೇರಿದೆ ಅಂತಿತ್ತು. ಹಾಗೇ ಬರೆದೆ, ಯಾವುದರಲ್ಲಿ 95 ಅಂತ ಕೇಳಲಿಲ್ಲ. ಎರಡು ದಿನಕ್ಕೆ "ಲ್ಯಾಂಡರ್ ಒಡೆದಿಲ್ಲ, ಇಡಿಯಾಗಿದೆ, ವಾಲಿಕೊಂಡಿದೆ" ಅಂತ ಹೆಸರಿಲ್ಲದ ಅಧಿಕಾರಿಯೊಬ್ಬರ ಮಾತು ಎಲ್ಲ ಕಡೆ ಓಡಾಡ್ತು, ಅದನ್ನೂ ಬರೆದೆ. ನವೆಂಬರ್‌ನಲ್ಲಿ ಸಚಿವ ಜಿತೇಂದ್ರ ಸಿಂಗ್ ಲೋಕಸಭೆಗೆ ಲಿಖಿತ ಉತ್ತರ ಕೊಟ್ರು, ವಿಕ್ರಮ್ ಗೊತ್ತುಮಾಡಿದ ಜಾಗದಿಂದ 500 ಮೀಟರ್ ಒಳಗೆ ‘ಹಾರ್ಡ್ ಲ್ಯಾಂಡ್’ ಆಗಿದೆ, ಅಂದ್ರೆ ಜೋರಾಗಿ ಬಿದ್ದಿದೆ ಅಂತ. ಡಿಸೆಂಬರ್ ಮೊದಲ ವಾರ ಚಂದ್ರನ ಸುತ್ತ ತಿರುಗೋ ನಾಸಾದ ಆರ್ಬಿಟರ್ ತೆಗೆದ ಚಿತ್ರ ಬಂತು, ಚೂರುಗಳು ಕಿಲೋಮೀಟರ್‌ಗಟ್ಟಲೆ ಚೆಲ್ಲಿದ್ವು, ಮೊದಲ ಚೂರು ಗುರುತಿಸಿದ್ದು ಚೆನ್ನೈನ ಒಬ್ಬ ಇಂಜಿನಿಯರ್, ಮನೇಲಿ ಕೂತು ಹಳೇ ಹೊಸ ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ಅವತ್ತು ನಾನು ಮೊದಲ ಸಲ "ಅಪ್ಪಳಿಸಿತು" ಅಂತ ಬರೆದೆ. ಮೂರು ತಿಂಗಳು ಆಗಿತ್ತು.

ನನ್ನ ಬೈಲೈನ್ ನಂಬಿ ಓದಿದವರಿಗೆ ನಾನು ಸರಿಯಾಗಿ ನಡ್ಕೊಂಡ್ನಾ? ನೇರವಾಗಿ ಹೇಳಿ.

ಕರಾವಳಿ ಕಿಟ್ಟಣ್ಣ

ಇಷ್ಟು ವರ್ಷ ಆದ್ಮೇಲೆ ಹಿಂದೆ ತಿರುಗಿ ನೋಡುವವರು ಎಷ್ಟು ಜನ ಉಂಟು ಮಾರಾಯ್ರೆ, ನೀವು ಕೇಳಿದ್ದೇ ದೊಡ್ಡದು.

ಮಂಜು ಚನ್ನಪಟ್ಟಣ

ಮೇಡಂ ನನಗೆ ಇದು ಒಪ್ಪಿಗೆ ಇಲ್ಲ. ಇಡೀ ದೇಶ ರಾತ್ರಿಯೆಲ್ಲ ನಿದ್ದೆಗೆಟ್ಟು ನೋಡಿದೆ, ನಮ್ಮಪ್ಪ ರೇಷ್ಮೆ ಹುಳುಗೆ ಸೊಪ್ಪು ಹಾಕೋದು ಬಿಟ್ಟು ಟಿವಿ ಮುಂದೆ ಕೂತಿದ್ರು, ಬೆಳಿಗ್ಗೆ ಶಿವನ್ ಅವರು ಅತ್ತಾಗ ಅವರ ಕಣ್ಣಲ್ಲೂ ನೀರು. ಅಂಥಾ ಹೊತ್ತಲ್ಲಿ "ಬಿತ್ತು, ಒಡೀತು" ಅಂತ ದೊಡ್ಡಕ್ಷರದಲ್ಲಿ ಹಾಕಿದ್ರೆ ಯಾರಿಗೆ ಲಾಭ? ಕೆಲಸ ಮಾಡೋರ ಧೈರ್ಯ ಕುಗ್ಗುತ್ತೆ ಅಷ್ಟೇ. ಮನೇಲಿ ಮಗ ಪರೀಕ್ಷೇಲಿ ಫೇಲಾದ್ರೆ ಬೀದಿಯೆಲ್ಲ ಡಂಗುರ ಸಾರ್ತೀವಾ?

ವಿಮಾನಪುರ ನಿವೃತ್ತ

ನಾನು ಉಪಗ್ರಹ ಕೇಂದ್ರದಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿ ಹೊರಗೆ ಬಂದವನು, ಚಂದ್ರಯಾನ-2 ಹೊತ್ತಿಗೆ ನಿವೃತ್ತಿ ಆಗಿತ್ತು, ಆದ್ರೆ ಒಳಗಿದ್ದ ಹುಡುಗರೆಲ್ಲ ಪರಿಚಯ. ಎರಡು ಮಾತು ಹೇಳ್ತೀನಮ್ಮ.

ಒಂದು, ಆ ರಾತ್ರಿ "ಸಂಪರ್ಕ ಕಡಿತ" ಅನ್ನೋದು ಸುಳ್ಳಲ್ಲ. ನಮ್ಮ ಕೈಲಿ ಇರೋದು ಟೆಲಿಮೆಟ್ರಿ, ಅಂದ್ರೆ ನೌಕೆ ಕಳಿಸೋ ಮಾಹಿತಿ ಮಾತ್ರ, ಅದು ನಿಂತ ಮೇಲೆ ಏನಾಯ್ತು ಅಂತ ಊಹೆ ಮಾಡಬಹುದು, ಹೇಳಿಕೆ ಕೊಡೋಕೆ ಆಗಲ್ಲ. ಇಳಿಯೋವಾಗ ನೌಕೆ ಸ್ವಂತ ಬುದ್ಧಿ ಮೇಲೆ ಇಳಿಯುತ್ತೆ. ಚಂದ್ರಂಗೆ ಹೋಗಿ ಬರೋಕೆ ಸಿಗ್ನಲ್‌ಗೆ ಎರಡೂವರೆ ಸೆಕೆಂಡ್ ಬೇಕು, ಬ್ಯಾಲಾಳಿನ ಆ್ಯಂಟೆನಾ ಕೇಂದ್ರದಿಂದ ನಾವು ಕೈ ಹಾಕೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಪರದೆ ನೋಡ್ತಾ ಸುಮ್ನೆ ಕೂರೋ ಆ ಸಂಕಟ ಹೊರಗಿನವರಿಗೆ ಅರ್ಥ ಆಗೋದು ಕಷ್ಟ.

ಎರಡು, ಗೊತ್ತಾದ ಮೇಲೂ ತಡ ಮಾಡಿದ್ದು ತಪ್ಪು. ಇದನ್ನ ನನ್ನ ಹಳೇ ಮನೆ ಬಗ್ಗೆ ನೋವಿಂದಲೇ ಹೇಳ್ತಿದೀನಿ. ಕೆಲವೇ ದಿನದಲ್ಲಿ ವೇಗದ ಲೆಕ್ಕ ಹಾಕಿದವರಿಗೆಲ್ಲ ಉತ್ತರ ಸಿಕ್ಕಿತ್ತು. ವಿಕ್ರಮ್ ಆಯಸ್ಸೇ ಚಂದ್ರನ ಒಂದು ಹಗಲು, ಅಂದ್ರೆ ನಮ್ಮ ಹದಿನಾಲ್ಕು ದಿನ. ಅಷ್ಟೂ ದಿನ ಜನರನ್ನ ಆಸೆ ಮೇಲೆ ಇಟ್ಟಿದ್ದು ಸರಿ ಕಾಣಲಿಲ್ಲ.

ಪೀಣ್ಯ ವರದಿಗಾರ್ತಿ

@ವಿಮಾನಪುರ ನಿವೃತ್ತ ಸಾರ್, ನೀವು ಹೀಗೆ ಬಿಡಿಸಿ ಹೇಳಿದ್ದು ಉಪಕಾರ ಆಯ್ತು. ಮೊದಲ ರಾತ್ರಿ ಬೇರೆ, ಆಮೇಲಿನ ತೊಂಬತ್ತು ದಿನ ಬೇರೆ. ನಾನು ಎರಡನ್ನೂ ಒಂದೇ ಅಂತ ತಲೆಕೆಡಿಸ್ಕೊಂಡಿದ್ದೆ.

@ಮಂಜು, ನಿಮ್ಮಪ್ಪನ ಬಗ್ಗೆ ಓದಿ ಮನಸ್ಸು ತುಂಬ್ತು. ಆದ್ರೆ ಸೊಪ್ಪು ಬಿಟ್ಟು ಕೂತವರಿಗೇ ತಾನೇ ಮೊದಲು ನಿಜ ಗೊತ್ತಾಗಬೇಕಾದ್ದು? ಮಗ ಫೇಲಾದ್ರೆ ಬೀದಿಗೆ ಹೇಳಲ್ಲ ನಿಜ, ಅಪ್ಪಂಗೆ ಹೇಳ್ಲೇಬೇಕಲ್ಲ. 978 ಕೋಟಿ ಜನರ ದುಡ್ಡು, ಜನ ಬೀದಿಯೋರಲ್ಲ, ಅಪ್ಪನ ಜಾಗದಲ್ಲಿದಾರೆ.

ಹಾಸನದ ಮೇಷ್ಟ್ರು

ನಾನು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ, ಆ 95 ಪರ್ಸೆಂಟ್ ಬಗ್ಗೆ ಅವತ್ತಿಂದ ನನಗೆ ಕಸಿವಿಸಿ. ಪರ್ಸೆಂಟ್ ಅಂದ್ಮೇಲೆ ಕೆಳಗೆ ಒಂದು ಛೇದ ಇರಬೇಕಲ್ವಾ, ಯಾವುದರ ನೂರು? ಚಂದ್ರಯಾನ-2ರ ಆರ್ಬಿಟರ್‌ನಲ್ಲಿ ಎಂಟು ಉಪಕರಣ ಇದ್ವು, ಒಂದು ವರ್ಷಕ್ಕೆ ಅಂತ ಕಳಿಸಿದ್ದು ಇಂಧನ ಉಳಿದಿದ್ರಿಂದ ಏಳು ವರ್ಷ ಬಾಳುತ್ತೆ ಅಂದ್ರು, ವಿಜ್ಞಾನದ ಕಡೆಯಿಂದ ನೋಡಿದ್ರೆ ದೊಡ್ಡ ಪಾಲು ನಿಜವಾಗ್ಲೂ ಕೈಗೆ ಬಂದಿದೆ. ಮೆತ್ತಗೆ ಇಳಿಯೋ ತಂತ್ರಜ್ಞಾನ ತೋರಿಸೋದು ಅನ್ನೋ ಲೆಕ್ಕಕ್ಕೆ ಬಂದ್ರೆ ಸೊನ್ನೆ. ಎರಡೂ ಸತ್ಯ, ಬೇರೆಬೇರೆ ಬರೀಬೇಕಿತ್ತು. ಒಂದು ಸಬ್ಜೆಕ್ಟಲ್ಲಿ ಫೇಲಾದ ಹುಡುಗಂಗೆ ಟೋಟಲ್ ಪರ್ಸೆಂಟೇಜ್ ಹೇಳಿ ಪಾಸ್ ಅಂತ ಕಳಿಸಿದ್ರೆ ಆ ಸಬ್ಜೆಕ್ಟ್ ಅವನು ಮತ್ತೆ ಓದಲ್ಲ. ಎರಡು ವಾರಕ್ಕೆ ಅದು 98 ಬೇರೆ ಆಯ್ತು, ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗಿ ಎದ್ದು ನಿಂತು "ಸಾರ್, ಆ ಮೂರು ಮಾರ್ಕ್ಸ್ ಎಲ್ಲಿಂದ ಬಂತು" ಅಂತ ಕೇಳಿದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಸುಮಾ, ಸ್ಯಾನ್ ಹೋಸೆ

ಆ ಹುಡುಗಿ ಪತ್ರಕರ್ತೆ ಆಗ್ಬೇಕು!

ನಾನು ಇಲ್ಲಿ ಇಪ್ಪತ್ತು ವರ್ಷದಿಂದ ಇದೀನಿ, ಇಲ್ಲಿಯವರೇನು ಸತ್ಯಹರಿಶ್ಚಂದ್ರರಲ್ಲ, ಆದ್ರೆ ಒಂದು ಕ್ರಮ ಇದೆ. 1999ರ ಸೆಪ್ಟೆಂಬರ್‌ನಲ್ಲಿ ಮಂಗಳಕ್ಕೆ ಹೋದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಹಾಳಾಯ್ತಲ್ಲ, ಒಂದು ಕಡೆಯವರು ಪೌಂಡ್ ಲೆಕ್ಕದಲ್ಲಿ ಕೊಟ್ಟಿದ್ದನ್ನ ಇನ್ನೊಂದು ಕಡೆಯವರು ನ್ಯೂಟನ್ ಅಂದ್ಕೊಂಡ್ರು, ಅಂಥಾ ನಾಚಿಕೆಯ ತಪ್ಪು. ಏಳೇ ವಾರಕ್ಕೆ ತನಿಖಾ ಮಂಡಳಿ ವರದಿ ಎಲ್ಲರ ಕೈಗೆ ಸಿಕ್ತು. ಇವತ್ತಿಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅದು ಪಾಠ.

ಮಂಜು ಚನ್ನಪಟ್ಟಣ

ಅಮೆರಿಕದ ಜೊತೆ ಹೋಲಿಸಬೇಡಿ ಮೇಡಂ, ಅವರ ದುಡ್ಡೇ ಬೇರೆ.

ಸುಮಾ, ಸ್ಯಾನ್ ಹೋಸೆ

ಸರಿ ಮಂಜು ಅವ್ರೇ, ರಷ್ಯಾ ತಗೊಳ್ಳಿ. 2023ರ ಆಗಸ್ಟ್ 19ಕ್ಕೆ ಅವರ ಚಂದ್ರನೌಕೆ ಲೂನಾ-25 ಹಾಳಾಯ್ತು, ಮಾರನೇ ದಿನವೇ ಚಂದ್ರನ ನೆಲಕ್ಕೆ ಡಿಕ್ಕಿ ಹೊಡೆದು ಇಲ್ಲವಾಯ್ತು ಅಂತ ಅವರೇ ಹೇಳಿದ್ರು, ಅದರ ಮಾರನೇ ದಿನ ಇಂಜಿನ್ 84 ಸೆಕೆಂಡ್ ಉರೀಬೇಕಿತ್ತು 127 ಸೆಕೆಂಡ್ ಉರೀತು ಅಂತ ಅಂಕಿ ಸಮೇತ. ಬಾಯಿ ಬಿಡದೇ ಇರೋದರಲ್ಲಿ ಹೆಸರಾದ ದೇಶ ಅದು.

ವಿಮಾನಪುರ ನಿವೃತ್ತ

ಸುಮಾ ಅವರ ಮಾತು ಒಪ್ತೀನಿ, ಆದ್ರೆ ಇಸ್ರೋ ಯಾವತ್ತೂ ಹೇಳಲ್ಲ ಅಂತ ಆಗಬಾರದು. 2021ರ ಆಗಸ್ಟ್‌ನಲ್ಲಿ ಜಿಎಸ್‌ಎಲ್‌ವಿ-ಎಫ್10 ರಾಕೆಟ್ಟಿನ ಕ್ರಯೋಜೆನಿಕ್ (ಅತಿ ತಣ್ಣನೆ ಇಂಧನದ) ಹಂತ ಕೈಕೊಟ್ಟಾಗ ಟ್ಯಾಂಕಿನ ವಾಲ್ವ್ ಸೋರಿ ಒತ್ತಡ ಬಿದ್ದಿದ್ದನ್ನ ವಿವರವಾಗಿ ವೆಬ್‌ಸೈಟಲ್ಲಿ ಹಾಕಿದ್ರು. 2022ರ ಆಗಸ್ಟ್ 7ಕ್ಕೆ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿ ಮೊದಲ ಹಾರಾಟ, 356 ಕಿಮೀ ವೃತ್ತಾಕಾರದ ಕಕ್ಷೆ ಬದಲು ಒಂದು ಕಡೆ 76 ಕಿಮೀಗೆ ಇಳಿದ ಕಕ್ಷೆಗೆ ಬಿಡ್ತು, ಉಪಗ್ರಹಗಳು ಉಳೀಲಿಲ್ಲ, ಅದರಲ್ಲಿ ಒಂದು 750 ಶಾಲಾ ಹೆಣ್ಣುಮಕ್ಕಳು ಕೈಹಾಕಿ ಮಾಡಿದ್ದು ಪಾಪ. ಎರಡನೇ ಹಂತ ಬೇರ್ಪಡೋವಾಗಿನ ಅದುರಿಗೆ ಸೆನ್ಸರ್‌ಗಳು ಎರಡು ಸೆಕೆಂಡ್ ದಿಕ್ಕೆಟ್ಟವು ಅಂತ ಅದನ್ನೂ ಬರೆದು ಹಾಕಿದ್ರು. ಓದಿದೋರು ಎಷ್ಟು ಜನ? ವರದಿ ಮಾಡಿದ ಕನ್ನಡ ಪತ್ರಿಕೆ ಎಷ್ಟು? ಇದಕ್ಕೆ ನೀವು ಪತ್ರಕರ್ತರು ಉತ್ತರ ಹೇಳಬೇಕಮ್ಮ.

ಪೀಣ್ಯ ವರದಿಗಾರ್ತಿ

ಸಾರ್, ಎಸ್‌ಎಸ್‌ಎಲ್‌ವಿ ಕಾರಣ ನಾನು ಬರೆದೆ, ಆರನೇ ಪುಟದಲ್ಲಿ ಎರಡು ಕಾಲಂ ಸಿಕ್ತು, ಮೊದಲ ದಿನದ ಸೋಲು ಒಂದನೇ ಪುಟ. ಸೋತಿದ್ದಕ್ಕಿಂತ ಯಾಕೆ ಸೋತಿದ್ದು ಅನ್ನೋದಕ್ಕೆ ಜಾಗ ಕಡಿಮೆ, ಇದು ನಮ್ಮ ಕಡೆಯ ತಪ್ಪೇ.

ಇನ್ನೊಂದು ಕಡೆ ಚಂದ್ರಯಾನ-2 ಬಿದ್ದ ಕಾರಣ ನಮಗೆ ಪೂರ್ತಿ ಸಿಕ್ಕಿದ್ದು 2023ರ ಜುಲೈನಲ್ಲಿ, ಚಂದ್ರಯಾನ-3 ಹಾರೋಕೆ ಕೆಲವು ದಿನ ಮುಂಚೆ ಇಸ್ರೋದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಅವರು ಬಾಯಿಬಿಟ್ಟು ಹೇಳಿದಾಗ. ಐದು ಇಂಜಿನ್ ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ನೂಕಿದ್ವು, ಫೋಟೋ ತೆಗೆಯೋಕೆ ಅಲ್ಲಾಡದೆ ಸಾಗಬೇಕಿದ್ದ ಹಂತದಲ್ಲಿ ತಪ್ಪು ಒಂದರ ಮೇಲೊಂದು ಕೂಡ್ಕೊಳ್ತು, ಆಮೇಲೆ ತಿದ್ಕೊಳ್ಳೋಕೆ ಬೇಗ ತಿರುಗಬೇಕಾಯ್ತು, ಆದ್ರೆ ಎಷ್ಟು ಬೇಗ ತಿರುಗಬಹುದು ಅನ್ನೋದಕ್ಕೆ ಸಾಫ್ಟ್‌ವೇರ್‌ನಲ್ಲಿ ಮಿತಿ ಹಾಕಿತ್ತು, ಮೇಲಾಗಿ ಇಳಿಯೋ ಜಾಗ ಬರೀ 500 ಮೀಟರ್ ಉದ್ದ 500 ಮೀಟರ್ ಅಗಲ. ಎಷ್ಟು ಸಲೀಸಾಗಿ ಅರ್ಥ ಆಗುತ್ತೆ ನೋಡಿ! ಚಂದ್ರಯಾನ-3ಕ್ಕೆ ಮಧ್ಯದ ಇಂಜಿನ್ ತೆಗೆದ್ರು, ಕಾಲು ಗಟ್ಟಿ ಮಾಡಿದ್ರು, ಜಾಗ 4 ಕಿಮೀಗೆ 2.4 ಕಿಮೀ ಮಾಡಿದ್ರು. ಏನೆಲ್ಲ ಕೆಡಬಹುದು ಅಂತ ಮೊದಲು ಯೋಚಿಸಿ ಆಮೇಲೆ ಕಟ್ಟಿದ್ದು ಅಂದ್ರು ಸೋಮನಾಥ್. ಆ ಸೋಲಿನ ಕಥೆ ಗೊತ್ತಿದ್ದವರಿಗೇ 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಏನಾಯ್ತು ಅಂತ ಸರಿಯಾಗಿ ಗೊತ್ತಾಗೋದು. ಆ ನಾಲ್ಕು ವರ್ಷ ನಾವು ಓದುಗರ ಕೈಲಿ ಆ ಕಥೆ ಇಡಲಿಲ್ಲ.

2025ರ ಮೇ 18ಕ್ಕೆ ಪಿಎಸ್‌ಎಲ್‌ವಿ-ಸಿ61 ರಾಕೆಟ್ಟಿನ ಮೂರನೇ ಹಂತದಲ್ಲಿ ಒತ್ತಡ ಬಿದ್ದು ಇಒಎಸ್-09 ಉಪಗ್ರಹ ಕಳಕೊಂಡ್ವಲ್ಲ, ಯಾಕೆ ಬಿತ್ತು ಅನ್ನೋ ತನಿಖಾ ವರದಿ ಓದೋಕೆ ನಾನು ಬಾಗಿಲು ತಟ್ತಾನೇ ಇದೀನಿ.

ಭೂಗೋಳ ಲೆಕ್ಚರರ್

ವಿಷಯ ಸ್ವಲ್ಪ ಆಚೆ ಹೋಗುತ್ತೆ, ಕ್ಷಮೆ ಇರಲಿ. ನಿಮ್ಮ ಪತ್ರಿಕೆಗಳೆಲ್ಲ "ದಕ್ಷಿಣ ಧ್ರುವದಲ್ಲಿ ಭಾರತ" ಅಂತ ಹಾಕಿದ್ರಲ್ಲ, ಅದನ್ನ ತಿದ್ಕೊಳ್ಳಿ ಮೊದಲು. ಚಂದ್ರಯಾನ-3 ಇಳಿದಿದ್ದು ಸುಮಾರು 69.4 ಡಿಗ್ರಿ ದಕ್ಷಿಣ ಅಕ್ಷಾಂಶ. ಚಂದ್ರನ ಮೇಲೆ ಒಂದು ಡಿಗ್ರಿ ಅಂದ್ರೆ 30 ಕಿಮೀ ಚಿಲ್ಲರೆ, ಅಂದ್ರೆ ಧ್ರುವ ಅಲ್ಲಿಂದ 600 ಕಿಮೀ ಆಚೆ. ಬೆಂಗಳೂರಲ್ಲಿ ಇಳಿದವನನ್ನ ಬೀದರ್‌ಗೆ ಬಂದಿಳಿದ ಅಂದ ಹಾಗಾಯ್ತು.

ಮಂಜು ಚನ್ನಪಟ್ಟಣ

ಭೂಮಿ ಮೇಲೆ 66 ಡಿಗ್ರಿ ದಾಟಿದ್ರೆ ಧ್ರುವ ಪ್ರದೇಶನೇ ಸಾರ್, ನಾನೂ ಓದಿದೀನಿ.

ಭೂಗೋಳ ಲೆಕ್ಚರರ್

ಚೆನ್ನಾಗಿ ಕೇಳಿದ್ರಿ. ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿದೆ, ಅದಕ್ಕೇ ಇಲ್ಲಿ 66.5ಕ್ಕೆ ಧ್ರುವವೃತ್ತ. ಚಂದ್ರ ವಾಲಿರೋದು ಬರೀ ಒಂದೂವರೆ ಡಿಗ್ರಿ, ಹಾಗಾಗಿ ಅಲ್ಲಿ ಧ್ರುವವೃತ್ತ 88.5ರ ಹತ್ರ. ಆ ತುದೀಲಿರೋ ಕುಳಿಗಳ ತಳಕ್ಕೆ ಬಿಸಿಲೇ ಬೀಳಲ್ಲ, ಹಿಮ ಇರೋದು ಅಂಥ ಕಡೆ. ಚಂದ್ರಯಾನ-3ರ ಲ್ಯಾಂಡರ್ (ಅದರ ಹೆಸರೂ ವಿಕ್ರಮ್) ಇಳಿದ ಕಡೆ ಹದಿನಾಲ್ಕು ದಿನ ಚೆನ್ನಾಗಿ ಬಿಸಿಲಿತ್ತು, ಸೋಲಾರ್ ಪ್ಯಾನಲ್ ನಡೆದಿದ್ದೇ ಅದರಿಂದ. ಅಲ್ಲಿಯವರೆಗೆ ಯಾರೂ ಅಷ್ಟು ದಕ್ಷಿಣಕ್ಕೆ ಮೆತ್ತಗೆ ಇಳಿದಿರಲಿಲ್ಲ ಅನ್ನೋದು ಅಪ್ಪಟ ಸತ್ಯ, ದೊಡ್ಡ ಸಾಧನೆ. ಆ ಸತ್ಯವನ್ನೇ ಹಾಕಿದ್ರೆ ಸಾಕಿತ್ತಲ್ಲ.

ಮಂಜು ಚನ್ನಪಟ್ಟಣ

ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಸಾರ್.

ಪೀಣ್ಯ ವರದಿಗಾರ್ತಿ

ಲೆಕ್ಚರರ್ ಸಾರ್, ನಾನು ಕಳಿಸಿದ ಕಾಪೀಲಿ "ದಕ್ಷಿಣ ಧ್ರುವದ ಕಡೆಗೆ" ಅಂತಿತ್ತು, 69 ಡಿಗ್ರಿನೂ ಇತ್ತು. ಬೆಳಿಗ್ಗೆ ನೋಡಿದ್ರೆ ಹೆಡ್ಡಿಂಗಲ್ಲಿ "ಕಡೆಗೆ" ಇಲ್ಲ.

ಹಳೇ ಸಬ್ ಎಡಿಟರ್

ತಂಗೀ, ಡೆಸ್ಕ್‌ನವರ ಮೇಲೆ ಹಾಕಬೇಡ. ಮೂವತ್ತೊಂದು ವರ್ಷ ಡೆಸ್ಕಲ್ಲೇ ಕೂತವನು ನಾನು. ಎಂಟು ಕಾಲಂಗೆ ದಪ್ಪಕ್ಷರ ಇಟ್ಟಾಗ ಮೂರು ಪದಕ್ಕಿಂತ ಹಿಡಿಯಲ್ಲ, ಪೇಜ್ ಬಿಡೋಕೆ ಹತ್ತು ನಿಮಿಷ ಇರುತ್ತೆ, "ಕಡೆಗೆ" ಹಾಕೋಕೆ ಹೋದ್ರೆ "ಭಾರತ" ಬಿಡಬೇಕು. ಆದ್ರೂ ಕೆಳಗಿನ ಉಪಶೀರ್ಷಿಕೇಲಿ ತಿದ್ದಬಹುದಿತ್ತು, ಅದನ್ನ ಮಾಡದೇ ಇದ್ದಿದ್ದು ನಮ್ಮ ಸೋಮಾರಿತನ ಅಂತ ಒಪ್ತೀನಿ. ಮಾರನೇ ದಿನ ತಿದ್ದುಪಡಿ ಹಾಕಿ ಅಂತ ನೀನು ಪಟ್ಟು ಹಿಡೀಬೇಕಿತ್ತು.

ನಾಗರಬಾವಿ ನವೀನ್

ಹೆಡ್ಡಿಂಗ್ ಬಿಡಿ, ಟಿವಿ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ? ಆಗಸ್ಟ್ 26ಕ್ಕೆ ಪ್ರಧಾನಿ ಬೆಳ್ಳಂಬೆಳಿಗ್ಗೆ ಎಚ್‌ಎಎಲ್‌ಗೆ ಬಂದ್ರು, ಇಸ್ಟ್ರಾಕ್‌ಗೆ ಹೋಗಿ ವಿಜ್ಞಾನಿಗಳನ್ನ ನೋಡಿದ್ರು, ಇಳಿದ ಜಾಗಕ್ಕೆ ಶಿವಶಕ್ತಿ ಅಂತ ಹೆಸರಿಟ್ರು. ಅವತ್ತಿಡೀ ದಿನ ಚರ್ಚೆ ಏನು? ಸಿದ್ದರಾಮಯ್ಯ, ಡಿಕೆಶಿ ಏರ್‌ಪೋರ್ಟ್‌ಗೆ ಯಾಕೆ ಹೋಗಲಿಲ್ಲ, ಬರಬೇಡಿ ಅಂದಿದ್ದು ಯಾರು, ಇದೇ. ಅದೇ ಹೊತ್ತಲ್ಲಿ ಚಂದ್ರಯಾನ-3ರ ರೋವರ್ ಪ್ರಜ್ಞಾನ್ ಅಲ್ಲಿ ನೆಲ ಪರೀಕ್ಷೆ ಮಾಡ್ತಿತ್ತು, ಎರಡು ದಿನ ಬಿಟ್ಟು ಗಂಧಕ ಇದೆ ಅಂತ ಸುದ್ದಿ ಬಂತು, ನಮ್ಮನೇಲಿ ಒಬ್ಬರಿಗೂ ಅದು ಗೊತ್ತಾಗಲೇ ಇಲ್ಲ. ಯಾವ ಪಕ್ಷದವರೇ ಆಗಲಿ, ಕ್ಯಾಮೆರಾ ಅವರ ಹಿಂದೆ ಓಡುತ್ತೆ, ರೋವರ್ ಹಿಂದೆ ಓಡಲ್ಲ.

ಬಸವೇಶ್ವರನಗರ ಬಾಬು

ಹೆಸರಿಡೋಕೆ ಅವರ್ಯಾರು? 2008ರಲ್ಲಿ ಚಂದ್ರಯಾನ-1 ಚಂದ್ರನ ಮೇಲೆ ಬೀಳಿಸಿದ ಪುಟ್ಟ ಪೆಟ್ಟಿಗೆ ಎಂಐಪಿ ಬಿದ್ದ ಜಾಗಕ್ಕೆ ಜವಾಹರ್ ಅಂತ ಹೆಸರಿಟ್ಟಾಗ ಇವರೆಲ್ಲ ಎಲ್ಲಿದ್ರು ಅಂತನೂ ಕೇಳ್ತಾರೆ, ಎರಡೂ ಕಡೆ ಅದೇ ಆಟ.

ಅಡ್ಮಿನ್

ಪಕ್ಷದ ಜಗಳ ಇಲ್ಲಿಗೆ ನಿಲ್ಲಿಸಿ ದಯವಿಟ್ಟು. ನಾಲ್ಕು ಕಾಮೆಂಟ್ ತೆಗೆದಿದೀನಿ. ನವೀನ್ ಅವರ ಮಾತು ವಿಷಯಕ್ಕೆ ಸಂಬಂಧಪಟ್ಟಿದೆ, ಅದು ಇರಲಿ.

ಕರಾವಳಿ ಕಿಟ್ಟಣ್ಣ

ಸೋಲು ಹೇಳುವ ವಿಷಯಕ್ಕೆ ಬಂದ್ರೆ ನಮ್ಮ ಅದಮಾರಿನ ಯು. ಆರ್. ರಾವ್ ಅವರ ಆರ್ಯಭಟ ನೋಡಿ. ಇದೇ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ್ದಲ್ವಾ, 1975ರ ಏಪ್ರಿಲ್ 19ಕ್ಕೆ ರಷ್ಯಾದಿಂದ ಹಾರಿತು, ಐದನೇ ದಿನಕ್ಕೆ ವಿದ್ಯುತ್ ತೊಂದರೆ ಬಂದು ಪ್ರಯೋಗ ಎಲ್ಲ ನಿಂತಿತು. ಅದನ್ನು ಮುಚ್ಚಿಡ್ಲಿಲ್ಲ. ಆದ್ರೂ ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಬಂತು, ಜನ ಬೇಡ ಅಂದ್ರಾ? ಕೆಟ್ಟದ್ದನ್ನು ಹೇಳಿದ್ರೆ ಜನ ಕೈಬಿಡ್ತಾರೆ ಅನ್ನುವ ಹೆದರಿಕೆ ಎಂತಕ್ಕೆ ಅಂತ ನನಗೆ ಅರ್ಥ ಆಗುದಿಲ್ಲ.

ವಿಮಾನಪುರ ನಿವೃತ್ತ

ಕಿಟ್ಟಣ್ಣ ಆರ್ಯಭಟ ನೆನಪಿಸಿದ್ರಿ, ನಾನು ಎತ್ತಿನಗಾಡಿ ಹೇಳ್ಬಿಡ್ತೀನಿ, ಬಹಳ ದಿನದಿಂದ ಹೊಟ್ಟೇಲಿ ಇದೆ. 1981ರ ಆ್ಯಪಲ್ ಉಪಗ್ರಹ ಎತ್ತಿನಗಾಡಿ ಮೇಲಿರೋ ಫೋಟೋ ಎಲ್ಲರೂ ನೋಡಿದೀರಿ. ಪ್ರತಿ ವರ್ಷ ಯಾರಾದ್ರೂ "ಲಾರಿಗೂ ದುಡ್ಡಿರಲಿಲ್ಲ, ಈಗ ನೋಡಿ" ಅಂತ ಹಾಕ್ತಾರೆ. ಅದಲ್ಲಪ್ಪ! ಆ್ಯಂಟೆನಾ ಪರೀಕ್ಷೆಗೆ ಲೋಹ ಇಲ್ಲದ ಗಾಡಿ ಬೇಕಿತ್ತು, ಲಾರಿ ಮೇಲಿಟ್ರೆ ಅದರ ಕಬ್ಬಿಣದಿಂದ ಸಿಗ್ನಲ್ ಪ್ರತಿಫಲಿಸಿ ಅಳತೆ ಕೆಡುತ್ತೆ, ಮರದ ಗಾಡೀಲಿ ಆ ತೊಂದರೆ ಇಲ್ಲ. ಅದು ಬಡತನ ಅಲ್ಲ, ಇಂಜಿನಿಯರಿಂಗ್. ಫೋಟೋ ಕೆಳಗೆ ಒಂದು ಸಾಲು ಸರಿಯಾಗಿ ಬರೆದಿದ್ರೆ ನಲವತ್ತು ವರ್ಷ ಈ ತಪ್ಪು ಓಡಾಡ್ತಿರಲಿಲ್ಲ.

ಹಾಸನದ ಮೇಷ್ಟ್ರು

ಅಯ್ಯೋ, ನಾನೇ ಕ್ಲಾಸಲ್ಲಿ ಬಡತನ ಅಂತ ಹೇಳಿದೀನಿ. ಸೋಮವಾರ ತಿದ್ದಿ ಹೇಳ್ತೀನಿ ಸಾರ್.

ಧಾರವಾಡದಾಂವ

ಎಲ್ಲಾರೂ ಬೆಂಗಳೂರಿಂದ ಮಾತಾಡಾಕತ್ತೀರಿ, ನಮ್ಮ ಕಡೀದು ಯಾರರ ಹೇಳ್ರಿ. 2025ರಾಗ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕ ಹೋದಾಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಐಐಟಿ ಧಾರವಾಡದವ್ರು ಕೂಡಿ ಮಾಡಿದ ಪ್ರಯೋಗ ಒಯ್ದಿದ್ರು, ಹೆಸರುಕಾಳು ಮತ್ತ ಮೆಂತ್ಯ ಮೊಳಕಿ ಒಡಸೂದು. ನಮ್ಮವ್ವ ದಿನಾ ಅರಿವ್ಯಾಗ ಕಟ್ಟಿ ಇಡ್ತಾಳಲ್ಲ, ಅದ. ತೂಕಾನ ಇಲ್ಲದ ಕಡೆ ಬೇರು ಯಾ ದಿಕ್ಕಿಗೆ ಹೊಂಟೀತು, ಪೌಷ್ಟಿಕಾಂಶ ಏನಾತು, ಅದರ ಮ್ಯಾಲೆ ಯಾವ ಸೂಕ್ಷ್ಮಜೀವಿ ಬೆಳದ್ವು ಅಂತ ನೋಡೂದು. ಎಷ್ಟ್ ಚಂದ ಸುದ್ದಿ ಅದು! ನಮ್ಮ ಊರ ಹೆಣ್ಮಕ್ಕಳಿಗೆಲ್ಲಾ ಒಂದ ನಿಮಿಷದಾಗ ತಿಳೀತೈತಿ. ಟಿವಿಯೊಳಗ ತೋರಿಸಿದ್ದು ಬರೇ ರಾಕೆಟ್ ಬೆಂಕಿ.

ಪೀಣ್ಯ ವರದಿಗಾರ್ತಿ

ಧಾರವಾಡದ ಅಣ್ಣಾ, "ನಮ್ಮವ್ವ ಅರಿವ್ಯಾಗ ಕಟ್ಟಿ ಇಡ್ತಾಳಲ್ಲ, ಅದ" ಅನ್ನೋ ಸಾಲು ನಿಮ್ಮ ಒಪ್ಪಿಗೆ ಇದ್ರೆ ನನ್ನ ಪಾಠದಲ್ಲಿ ಹಾಕ್ಕೋತೀನಿ. ನಾನು ಸೂಕ್ಷ್ಮ ಗುರುತ್ವ ಅಂತ ಶುರು ಮಾಡಿ ಮೂರನೇ ಪ್ಯಾರಾದಲ್ಲಿ ಹೆಸರುಕಾಳು ತಂದಿದ್ದೆ.

ಧಾರವಾಡದಾಂವ

ಬರ್ಕೊಳ್ರಿ ಅಕ್ಕಾರ, ಅದಕ್ಯಾಕ ಕೇಳ್ತೀರಿ.

ಹಳೇ ಸಬ್ ಎಡಿಟರ್

ಮೊನ್ನೆಯಿಂದ ಇದನ್ನ ಬರೀಲೋ ಬೇಡವೋ ಅಂತಿದ್ದೆ. ಸೋಲು ಮುಚ್ಚೋದು ಒಂದು ತಪ್ಪು, ಅದಕ್ಕಿಂತ ದೊಡ್ಡ ತಪ್ಪು ನಾವು 1994ರಲ್ಲಿ ಮಾಡಿದೀವಿ.

ಇಸ್ರೋ ಗೂಢಚರ್ಯೆ ಕೇಸ್. ಮಾಲ್ಡೀವ್ಸ್ ಹೆಂಗಸರು, ರಾಕೆಟ್ ರಹಸ್ಯ, ದುಡ್ಡು. ದಿನಾ ಕೇರಳದಿಂದ ಬರ್ತಿತ್ತು, ಪೊಲೀಸರು ಹೇಳಿದರು ಅಂತ ಬರ್ತಿತ್ತು, ನಾವು ಕನ್ನಡಕ್ಕೆ ತಿರುಗಿಸಿ ಉಪ್ಪುಖಾರ ಹಾಕಿ ಬಿಡ್ತಿದ್ವಿ. ಕ್ರಯೋಜೆನಿಕ್ ಇಂಜಿನ್ ಅಂದ್ರೆ ಏನು, ಅದರ ರಹಸ್ಯ ಒಂದಷ್ಟು ಕಾಗದದಲ್ಲಿ ಕದ್ದು ಕೊಡೋಕಾಗುತ್ತಾ, ಒಬ್ಬ ಇಂಜಿನಿಯರನ್ನ ಕೇಳಿದ್ರೆ ಸಾಕಿತ್ತು. ಡೆಸ್ಕಲ್ಲಿ ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನ ನವೆಂಬರ್ 30ಕ್ಕೆ ಬಂಧಿಸಿದ್ರು. 1996ರಲ್ಲಿ ಸಿಬಿಐ ಇದೆಲ್ಲ ಸುಳ್ಳು ಅಂತು. 2018ರ ಸೆಪ್ಟೆಂಬರ್ 14ಕ್ಕೆ ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ಪರಿಹಾರ ಕೊಡಿ ಅಂತು.

ನನ್ನ ಕಾಡೋದು ಇನ್ನೊಬ್ಬರು. ಬೆಂಗಳೂರಲ್ಲೇ ಇದ್ದ ಕೆ. ಚಂದ್ರಶೇಖರ್, ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದವರು, ಅವರನ್ನೂ ಅದೇ ಕೇಸಲ್ಲಿ ಹಿಡಿದಿದ್ರು. ತೀರ್ಪು ಬರೋ ಶುಕ್ರವಾರದ ಬೆಳಿಗ್ಗೆನೇ ಅವರು ಕೋಮಾಕ್ಕೆ ಹೋದ್ರು, ಭಾನುವಾರ ತೀರಿಕೊಂಡ್ರು. ಇಪ್ಪತ್ನಾಲ್ಕು ವರ್ಷ ಕಾದ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಸತ್ತ ಸುದ್ದಿ ಒಳಪುಟದಲ್ಲಿ ಬಂತು. 94ರಲ್ಲಿ ಅದೇ ಕೇಸಿಗೆ ನಾನೇ ಒಂದನೇ ಪುಟದ ಹೆಡ್ಡಿಂಗ್ ಕೊಟ್ಟಿದ್ದೆ.

ತಂಗೀ, ಆ ಮಕ್ಕಳಿಗೆ ವಿಕ್ರಮ್ ಬಗ್ಗೆ ಹೇಳೋಕೆ ಮುಂಚೆ ಇದನ್ನ ಹೇಳು.

ಸುಮಾ, ಸ್ಯಾನ್ ಹೋಸೆ

ಹೇಳಿದ್ದಕ್ಕೆ ಧನ್ಯವಾದ ಸಾರ್. ಎರಡು ಸಲ ಓದಿದೆ.

ಪೀಣ್ಯ ವರದಿಗಾರ್ತಿ

ಅಣ್ಣಾ, ಖಂಡಿತ ಹೇಳ್ತೀನಿ. ಸಾಧ್ಯ ಆದ್ರೆ ನೀವೇ ಬನ್ನಿ ನನ್ನ ಜೊತೆ.

ಚಳ್ಳಕೆರೆ ಕಂಬಳಿ

ಇಷ್ಟೊತ್ತು ಓದ್ತಾ ಇದ್ದೆ, ನಂದೂ ಒಂದು ಹೇಳ್ತೀನಿ. ಚಂದ್ರಯಾನ-2ರ ಸೆನ್ಸರ್ ಪರೀಕ್ಷೆಗೆ ಚಂದ್ರನ ಥರ ಗುಂಡಿ ತೋಡಿದ್ದು ನಮ್ಮ ಉಳ್ಳಾರ್ತಿ ಕಾವಲಲ್ಲಿ. 2023ರ ಏಪ್ರಿಲ್ 2ಕ್ಕೆ ಹೆಲಿಕಾಪ್ಟರ್‌ನಿಂದ ಬಿಟ್ಟ ಇಸ್ರೋದ ರೆಕ್ಕೆ ನೌಕೆ ತಾನೇ ಬಂದು ರನ್‌ವೇಲಿ ಇಳಿದಿದ್ದೂ ನಮ್ಮ ಚಳ್ಳಕೆರೇಲೇ. ಅವತ್ತೆಲ್ಲ ಪೇಪರಲ್ಲಿ "ಚಳ್ಳಕೆರೆ" ಅಂತ ಬಂದಾಗ ನಮಗೂ ಹೆಮ್ಮೆ, ನಮ್ಮ ಹುಡುಗರು ಸ್ಟೇಟಸ್ ಹಾಕ್ಕೊಂಡ್ರು.

ಆದ್ರೆ ಆ ಕಾವಲು ಅಂದ್ರೆ ಏನು ಅಂತ ಬರೆದವರು ಎಷ್ಟು ಜನ? ಅಮೃತಮಹಲ್ ಕಾವಲು ಅದು, ಮೈಸೂರು ಅರಸರ ಕಾಲದಿಂದ ದನ ಮೇಯೋ ಹುಲ್ಲುಗಾವಲು. ನಮ್ಮೂರ ಕುರಿ ಅಲ್ಲೇ ಮೇಯ್ತಿದ್ವು, ಆ ಉಣ್ಣೇಲಿ ನೇಯ್ದ ಕಂಬಳಿನೇ ಚಳ್ಳಕೆರೆ ಕಂಬಳಿ. ಡಿಆರ್‌ಡಿಒ, ಐಐಎಸ್‌ಸಿ, ಬಾರ್ಕ್, ಇಸ್ರೋ ಅಂತ ಸಾವಿರಾರು ಎಕರೆ ಹೋಯ್ತು, ಕಾಂಪೌಂಡ್ ಎದ್ದಿತು, ಜನ ಹಸಿರು ನ್ಯಾಯಮಂಡಳಿವರೆಗೂ ಹೋದ್ರು. ನಾವು ವಿಜ್ಞಾನ ಬೇಡ ಅನ್ನೋರಲ್ಲ, ನನ್ನ ತಂಗಿ ಬಿಎಸ್ಸಿ ಓದ್ತಿದಾಳೆ, ಐಐಎಸ್‌ಸಿ ಸೇರಬೇಕು ಅಂತ ಆಸೆ. ಆದ್ರೆ ಕುರಿ ಹೊಡ್ಕೊಂಡು ಹೋಗೋ ದಾರಿ ಗೋಡೆಗೆ ಬಂದು ನಿಂತಾಗ ಅದೂ ಅಂತರಿಕ್ಷದ ಸುದ್ದಿನೇ ಅಲ್ವಾ? ಲ್ಯಾಂಡರ್ ಸುದ್ದೀಲಿ ಸೋಲು ಬಿಟ್ಟುಹೋಯ್ತು ಅಂತ ಕೇಳ್ತಿದೀರಿ ಅಕ್ಕಾ, ನಮ್ಮ ಸುದ್ದಿ ಪೂರಾ ಬಿಟ್ಟುಹೋಗಿದೆ.

ಮಂಜು ಚನ್ನಪಟ್ಟಣ

ದೇಶದ ಕೆಲಸಕ್ಕೆ ಜಾಗ ಬೇಕೇ ಬೇಕಲ್ಲ ಗುರೂ.

ಚಳ್ಳಕೆರೆ ಕಂಬಳಿ

ಬೇಕು ಅಣ್ಣ. ನಿಮ್ಮಪ್ಪನ ಹಿಪ್ಪುನೇರಳೆ ತೋಟ ಕೇಳಿದಾಗ ಏನು ಹೇಳ್ತಿದ್ರಿ ಅಂತ ಒಂದ್ಸಲ ಯೋಚಿಸಿ ಹೇಳಿ.

ಮಂಜು ಚನ್ನಪಟ್ಟಣ

ಸರಿ, ಅದು ಕಷ್ಟನೇ. ಮೊದಲು ನಮ್ಮ ಹತ್ರ ಬಂದು ಮಾತಾಡಿ ಅಂತಿದ್ವಿ.

ವಿಮಾನಪುರ ನಿವೃತ್ತ

ಉಳ್ಳಾರ್ತಿಗೆ ನಮ್ಮ ಹುಡುಗರು ಹೋಗಿ ಬರ್ತಿದ್ರು, ಗುಂಡಿ ಎಷ್ಟು ಆಳ ಎಷ್ಟು ಅಗಲ ಅಂತೆಲ್ಲ ಹೇಳಿದಾರೆ, ಕುರಿ ವಿಷಯ ನಾನು ಇವತ್ತೇ ಕೇಳಿದ್ದು.

ಹಾಸನದ ಮೇಷ್ಟ್ರು

ಮೂಲ ಪ್ರಶ್ನೆಗೆ ಬರ್ತೀನಿ. ‘ಹಾರ್ಡ್ ಲ್ಯಾಂಡಿಂಗ್’ ಅನ್ನೋದನ್ನ ಕೆಲವರು "ಗಡಸು ಇಳಿಕೆ" ಅಂತ ಬರೆದಿದ್ರು, ನಮ್ಮ ಮಕ್ಕಳು ಅದನ್ನ ಓದಿ "ಗಟ್ಟಿ ನೆಲದ ಮೇಲೆ ಇಳೀತು" ಅಂದ್ಕೊಂಡ್ವು. ಕನ್ನಡದಲ್ಲಿ ಬಿದ್ದಿದ್ದಕ್ಕೆ ಬಿತ್ತು ಅಂತಾರೆ, ಜೋರಾಗಿ ಬಿದ್ರೆ ಅಪ್ಪಳಿಸಿತು ಅಂತಾರೆ, ಇಳಿಕೆ ಅನ್ನೋ ಪದ ಅಲ್ಲಿ ಬರೋದೇ ಇಲ್ಲ. ಚಂದ್ರಯಾನ-4ಕ್ಕೆ ಒಪ್ಪಿಗೆ ಸಿಕ್ಕಿದೆ, ಚಂದ್ರನ ಮಣ್ಣು ವಾಪಸ್ ತರೋದು, ಇಳಿಯೋದು ಏರೋದು ಕಕ್ಷೇಲಿ ಜೋಡಿಸೋದು ಎಲ್ಲ ಇದೆ, ಕೆಡೋಕೆ ಜಾಗಗಳೂ ಜಾಸ್ತಿ. ಆ ಹೊತ್ತಿಗೆ ಒಂದು ಪದಗಳ ಪಟ್ಟಿ ಮಾಡಿಟ್ಕೊಳ್ಳಿ ಮೇಡಂ, ಯಾವುದಾದ್ರೆ ಯಾವ ಪದ ಅಂತ ಮುಂಚೆನೇ. ನಮ್ಮ ಎಂಟನೇ ಕ್ಲಾಸ್ ಮಕ್ಕಳಿಗೆ ಓದಿಸಿ ಅರ್ಥ ಆಯ್ತಾ ಅಂತ ನಾನು ಹೇಳ್ತೀನಿ.

ಪೀಣ್ಯ ವರದಿಗಾರ್ತಿ

ಮೇಷ್ಟ್ರೇ, ಭಾನುವಾರದೊಳಗೆ ಮೊದಲ ಪಟ್ಟಿ ಕಳಿಸ್ತೀನಿ. ಮೂರು ಸಾಲು ಈಗ್ಲೇ ಬರೆದಿಟ್ಟೆ. ಸಿಗ್ನಲ್ ನಿಂತ್ರೆ "ಸಂಪರ್ಕ ಕಡಿತ", ಅದರ ಕೆಳಗೆ "ಬಿದ್ದಿರಬಹುದು, ಖಚಿತ ಆಗಿಲ್ಲ" ಅಂತ ಅದೇ ರಾತ್ರಿ. ಬಿದ್ದಿದ್ದು ಗೊತ್ತಾದ್ರೆ "ಅಪ್ಪಳಿಸಿತು". ಪರ್ಸೆಂಟ್ ಹೇಳಿದ್ರೆ ಯಾವುದರ ಮೇಲೆ ಅಂತ ಕೇಳದೆ ಬರೆಯೋದಿಲ್ಲ.

@ಚಳ್ಳಕೆರೆ ಕಂಬಳಿ, ತಮ್ಮಾ, ನಾನು ರನ್‌ವೇ ಬಗ್ಗೆ ಬರೆದಿದೀನಿ, ಉಳ್ಳಾರ್ತಿಯ ಗುಂಡಿ ಬಗ್ಗೆ ಬರೆದಿದೀನಿ, ಎರಡು ಸಲವೂ ಬೆಂಗಳೂರಲ್ಲಿ ಕೂತು. ಬರಲಾ? ಬುಧವಾರ ನನಗೆ ರಜೆ.

ಚಳ್ಳಕೆರೆ ಕಂಬಳಿ

ಬನ್ನಿ ಅಕ್ಕಾ. ಬೆಳಿಗ್ಗೆ ಬೇಗ ಹೊರಟ್ರೆ ಮಧ್ಯಾಹ್ನದೊಳಗೆ ಚಳ್ಳಕೆರೆ ಬಸ್ ಸ್ಟ್ಯಾಂಡಲ್ಲಿ ಇರ್ತೀರಿ, ಅಲ್ಲಿಂದ ನಮ್ಮಣ್ಣ ಬೈಕಲ್ಲಿ ಕರ್ಕೊಂಡು ಬರ್ತಾನೆ. ಊಟ ನಮ್ಮನೇಲೇ, ಮುದ್ದೆ ಆಗುತ್ತಲ್ಲ? ಸಂಜೆ ಕುರಿ ವಾಪಸ್ ಬರೋ ಹೊತ್ತಿಗೆ ಗೋಡೆ ಹತ್ರ ಹೋಗೋಣ.

ಪೀಣ್ಯ ವರದಿಗಾರ್ತಿ

ಆಗುತ್ತೆ. ಬರ್ತೀನಿ.